ಈ ಸಲ ನಿಲ್ಲುವುದಿಲ್ಲ

ಹೊನ್ನಿಗನದೊಡ್ಡಿ
ಸಾತನೂರು ಹೋಬಳಿ, ಕನಕಪುರ ತಾಲ್ಲೂಕು
೨೨-೧೦-೧೯೮೯

ಪ್ರೀತಿಯ ಖತೀಜಾ,

ನಿನ್ನ ಕಾಗದ ಆಯುಧಪೂಜೆಯ ಹಿಂದಿನ ದಿನವೇ ಕೈಗೆ ಬಂತು. ಉತ್ತರ ಇಷ್ಟು ತಡವಾಯಿತೆಂದು ಬೈದುಕೊಂಡಿರುತ್ತೀಯ. ಬೈದುಕೋ, ಅದು ನನಗೆ ಸಲ್ಲಬೇಕಾದದ್ದೇ. ಬರೆಯಲು ಕೂತಾಗಲೆಲ್ಲ ಯಾರಾದರೂ ಬಾಗಿಲಲ್ಲಿ ನಿಂತು "ಅಮ್ಮಾರು ಅವ್ರಾ?" ಅನ್ನುತ್ತಿದ್ದರು ಎಂಬುದು ಅರ್ಧ ನಿಜ. ಏನು ಬರೆಯಬೇಕೆಂದು ನನಗೇ ತಿಳಿಯದೆ ಪೆನ್ನು ಮುಚ್ಚಿಡುತ್ತಿದ್ದೆ ಎಂಬುದು ಉಳಿದರ್ಧ.

ಶಿಡ್ಲಘಟ್ಟದ ನೀರು ನಿನಗೆ ಒಗ್ಗಿತು ಅಂತ ಬರೆದಿದ್ದೀಯ, ಸಂತೋಷ. ಮಗ ರೇಷ್ಮೆ ನೂಲು ತೆಗೆಯುವ ಹೊಸ ಮಷೀನು ಹಾಕಿಸಿದ್ದು, ಸೊಸೆ ನಿನ್ನನ್ನು ಒಲೆಯ ಹತ್ತಿರ ಬಿಡದೆ ಕೂರಿಸಿ ಉಣ್ಣಿಸುವುದು, ಎಲ್ಲ ಓದಿ ನಮ್ಮ ಯಜಮಾನರಿಗೂ ಓದಿ ಹೇಳಿದೆ. "ಗೂಡಿನ ಬಿಸಿನೀರಲ್ಲಿ ಕೈ ಬೇಯಿಸ್ಕೊಂಡೇ ಮಗನ್ನ ಬೆಳ್ಸುದ್ಲಲ್ಲ ಆವಮ್ಮ, ಈಗ ಒಸಿ ಕೂತ್ಕಳ್ಲಿ" ಅಂದರು. ಮಾಗಡಿಯಿಂದ ಮಗಳು ಅಂಕಮ್ಮ ಹಬ್ಬಕ್ಕೆ ಬಂದು ಹೋದಳು. ಎರಡನೆಯ ಮಗುವಿಗೆ ಹಲ್ಲು ಬರುತ್ತಿದೆ. ನನಗೆ ಸಕ್ಕರೆ ಕಾಯಿಲೆ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ಕಾಲು ಮಾತ್ರ ಸಂಜೆಯಾದರೆ ಊದುತ್ತದೆ. ರೇಷ್ಮೆ ಹುಳು ಪೊರೆ ಬಿಡುವ ಮೂರನೆಯ ಜ್ವರಕ್ಕೆ ಕೂತಿವೆ, ಹಾಗಾಗಿ ಇವತ್ತು ಸೊಪ್ಪು ಹಾಕುವ ಕೆಲಸವಿಲ್ಲ. ಅದಕ್ಕೇ ಕಾಗದ ಸಾಗುತ್ತಿದೆ.

ನಿನ್ನ ಅಕ್ಷರ ಈಗಲೂ ಚನ್ನಪಟ್ಟಣದ ಹೆಣ್ಣುಮಕ್ಕಳ ಶಾಲೆಯಲ್ಲಿದ್ದ ಹಾಗೇ ಗುಂಡಗಿದೆ. ನನ್ನದು ನೋಡು, ಸಹಿ ಹಾಕಿ ಹಾಕಿ ಕೆಟ್ಟುಹೋಗಿದೆ.

ನೀನು ಕೇಳಿದ್ದಕ್ಕೆ ಮೊದಲು ಉತ್ತರ ಬರೆದುಬಿಡುತ್ತೇನೆ. "ಟಿಕೆಟ್ ನಿನಗೇ ಅಂತ ರಾಮನಗರದಿಂದ ಬಂದವರು ಹೇಳಿದರು, ನಾಮಪತ್ರ ಯಾವತ್ತು? ಗಂಟು ಕಟ್ಟಿಕೊಂಡು ಬಂದುಬಿಡುತ್ತೇನೆ, ಎಲೆಕ್ಷನ್ ಮುಗಿಯುವವರೆಗೂ ನಿನ್ನ ಮನೆಯಲ್ಲೇ" ಅಂತ ಬರೆದಿದ್ದೀಯಲ್ಲ. ಗಂಟು ಬಿಚ್ಚಿಡು ತಾಯಿ. ಟಿಕೆಟ್ ಕೊಡಲು ಬಂದಿದ್ದು ನಿಜ. ಬೇಡ ಅಂತ ಕನಕಪುರಕ್ಕೇ ಹೋಗಿ ಹೇಳಿ ಬಂದೆ. ಈ ಸಲ ನಿಲ್ಲುವುದಿಲ್ಲ. ಇನ್ನು ಯಾವ ಸಲವೂ ನಿಲ್ಲುವುದಿಲ್ಲ.

ಯಾಕೆ ಅಂತ ಕೇಳದೆ ಬಿಡುವವಳಲ್ಲ ನೀನು. ಈ ಕಥೆಯಲ್ಲಿ ಅರ್ಧಕ್ಕೆ ನೀನೇ ಸಾಕ್ಷಿ. ನಾನು ಈ ದಾರಿಗೆ ಬಿದ್ದಾಗ ನೀನು ರಾಮನಗರದಲ್ಲಿ ಒಂದೇ ಚರಕ ಇಟ್ಟುಕೊಂಡು ನೂಲು ತೆಗೆಯುತ್ತಿದ್ದೆ. ಇನ್ನರ್ಧ ಇಲ್ಲಿ, ಈ ಊರಿನಲ್ಲಿ ನಡೆದದ್ದು. ಅದನ್ನು ನಾನು ಯಾರ ಹತ್ತಿರವೂ ಕೂತು ಹೇಳಿಲ್ಲ. ಭಾಷಣ ಮಾಡುವವರಿಗೆ ಮಾತಾಡಲು ಪುರಸೊತ್ತು ಎಲ್ಲಿ ಸಿಗುತ್ತದೆ.

ಅರವತ್ತೆಂಟರಲ್ಲಿ ದೊಡ್ಡಮುನಿಯಪ್ಪನವರು ಎತ್ತಿನ ಗಾಡಿಯಲ್ಲಿ ನಮ್ಮ ಮನೆಗೆ ಬಂದರು. ಆಗ ಅವರು ಪಕ್ಷಕ್ಕೆ ಈ ಭಾಗದ ಯಜಮಾನರಿದ್ದ ಹಾಗೆ. ತಾಲ್ಲೂಕು ಬೋರ್ಡಿನಲ್ಲಿ ಹೆಂಗಸರಿಗೆ ಅಂತ ಒಂದು ಜಾಗ ಇದೆ, ಅಲ್ಲಿ ಕೂರಿಸಲು ಓದು ಬರುವವಳೊಬ್ಬಳು ಬೇಕು. "ಈ ಸುತ್ತಿನಲ್ಲಿ ಓದಿರೋಳು ನೀನೊಬ್ಳೇ ಕಣವ್ವಾ" ಅಂದವರು, ನನ್ನ ಉತ್ತರಕ್ಕೆ ಕಾಯದೆ ನಮ್ಮ ಯಜಮಾನರ ಕಡೆ ತಿರುಗಿ, "ಏನಂತೀಯಪ್ಪಾ ಲಕ್ಕಯ್ಯಾ, ಒಪ್ಕೊಂಡ್ಬುಡು" ಅಂದರು. ಇವರು ಕುರಿಹಟ್ಟಿಯ ಹತ್ತಿರ ಹಗ್ಗ ಹೊಸೆಯುತ್ತಿದ್ದವರು ತಲೆ ಎತ್ತದೆ, "ಅವಳ್ನೇ ಕೇಳ್ರಣ್ಣಾ. ನಿಂತ್ಕೊಳೋಳು ಅವ್ಳು" ಅಂದರು.

ಆ ಮಾತು ಆಮೇಲೆ ಹೋಬಳಿಯಲ್ಲೆಲ್ಲ ಹೆಸರಾಯಿತು. ಸುತ್ತಲಿನ ಹೆಂಗಸರು ತಂತಮ್ಮ ಮನೆಯ ಗಂಡಸರಿಗೆ ಅದನ್ನೇ ಎತ್ತಿ ಆಡುತ್ತಿದ್ದರು. "ಗಂಡ ಅಂದ್ರೆ ಲಕ್ಕಣ್ಣ ಕಣ್ಲಾ, ಕಲ್ತ್ಕೋ" ಅಂತ ನಮ್ಮ ಓರಗಿತ್ತಿ ದಾಸಮ್ಮ ತನ್ನ ಕಿರಿಯ ಮೈದುನನಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಭಾಷಣದಲ್ಲಿ ನಾನೂ ಎಷ್ಟೋ ಸಲ ಹೇಳಿಕೊಂಡೆ. ಜನ ಚಪ್ಪಾಳೆ ತಟ್ಟುತ್ತಿದ್ದರು.

ಬೋರ್ಡಿನ ಮೊದಲ ಮೀಟಿಂಗಿನಲ್ಲಿ ನನಗೆ ಬಾಗಿಲ ಪಕ್ಕದ ಕುರ್ಚಿ ಕೊಟ್ಟರು. ಅಲ್ಲಿ ಕೂತರೆ ಫ್ಯಾನಿನ ಗಾಳಿ ಬರುವುದಿಲ್ಲ, ಆಡುವ ಮಾತೂ ಸರಿಯಾಗಿ ಕೇಳಿಸುವುದಿಲ್ಲ. ಆದರೂ ನಮ್ಮ ದೊಡ್ಡಿಗೆ ಅಂತ ಮಂಜೂರಾಗಿದ್ದ ಬಾವಿಯನ್ನು ಇನ್ನೊಂದು ಊರಿಗೆ ಸಾಗಿಸುವ ಮಾತು ನಡೆದದ್ದು ಕೇಳಿಸಿತು. ಎದ್ದು ನಿಂತೆ. "ಆ ಬಾವಿ ನಮ್ಮೂರ್ದು ಸಾಮಿ. ನಮ್ಮೂರ ಹೆಂಗಸ್ರು ಹಳ್ಳದಲ್ಲಿ ಚಿಲುಮೆ ತೋಡಿ ನೀರು ತರ್ತಾವ್ರೆ. ಬೇಕಾದ್ರೆ ಒಂದಿನ ಬಂದು ಹೊತ್ತು ನೋಡಿ" ಅಂದೆ. ಅಧ್ಯಕ್ಷರು ನಕ್ಕು, "ಕೂತ್ಕೊ ತಾಯಿ, ಟೀ ಬರ್ತದೆ" ಅಂದರು. ಟೀ ಬಂತು, ಕುಡಿಯಲಿಲ್ಲ. ಕುಡಿಯದ ಆ ಟೀ ಲೋಟದ ಸುದ್ದಿ ನಾನು ಊರು ಸೇರುವ ಮೊದಲೇ ಊರಿಗೆ ತಲುಪಿತ್ತು. ಬಾವಿಯೂ ಕೊನೆಗೆ ನಮ್ಮೂರಿನಲ್ಲೇ ಉಳಿಯಿತು. ಅಲ್ಲಿಂದಾಚೆ ನಮ್ಮ ಮನೆಯ ಬಾಗಿಲು ಹಾಕಿದ್ದೇ ಇಲ್ಲ. ಹಾಕಿದರೂ ಜನ ತಳ್ಳಿಕೊಂಡು ಬರುತ್ತಿದ್ದರು.

ಬಾವಿ ಬಂದಮೇಲೆ ಹಿಪ್ಪುನೇರಳೆ ಬಂತು. ಆಮೇಲಿನದು ನಿನಗೆ ಗೊತ್ತೇ ಇದೆ. ರಾಗಿ ಹೊಲ ಹೋಗಿ ಸೊಪ್ಪಿನ ತೋಟವಾಯಿತು. ಕುರಿ ಮೇಯುತ್ತಿದ್ದ ಬೋರೆಯನ್ನೂ ಉತ್ತರು. ನಮ್ಮ ಮಾವ ಗಂಗಯ್ಯನವರು ಹಿಂಡು ಮಾರಿದ ಮೇಲೂ ಬಹಳ ದಿನ ಬೆಳಗಾದರೆ ಕಂಬಳಿ ಹೊದ್ದು ಆ ಬೋರೆಯ ಅಂಚಿನಲ್ಲಿ ಕೂತಿರುತ್ತಿದ್ದರು. ಹುಲ್ಲು ಚಾವಣಿಯ ಮನೆಗಳಿಗೆಲ್ಲ ಹೆಂಚು ಬಂತು, ಆಮೇಲೆ ತಾರಸಿ ಬಂತು. ಸಾತನೂರಿನ ಹೋಟೆಲಿನಲ್ಲಿ ದೋಸೆಗೆ ಕಾಯುವವರ ಕೈಯಲ್ಲಿ ಗಡಿಯಾರ ಬಂತು. ಎಲ್ಲರೂ ಅದನ್ನು ಭದ್ರಮ್ಮನ ಕಾಲ ಅಂದರು. ಸಾಲ ಕೊಡಿಸಿದ್ದು, ಹುಳುವಿನ ಮೊಟ್ಟೆಯ ಕೇಂದ್ರ ತರಿಸಿದ್ದು, ಉಯ್ಯಂಬಳ್ಳಿ ಕಡೆಗೆ ಬಸ್ಸು ಬಿಡಿಸಿದ್ದು ನಾನೇ ಇರಬಹುದು. ಆದರೆ ನಮ್ಮ ಮನೆಯಲ್ಲಿ ಒಂದು ತಟ್ಟೆ ಹುಳುವನ್ನೂ ನಾನು ಸಾಕಲಿಲ್ಲ. ಎಲ್ಲ ಮನೆಗಳಲ್ಲೂ ಹುಳು ಸಾಕುವವರು ಹೆಂಗಸರು. ನಮ್ಮ ಮನೆಯಲ್ಲಿ ಯಜಮಾನರು. ಸೊಪ್ಪು ಕೊಯ್ದು ತಂದು, ಸಣ್ಣಗೆ ಹೆಚ್ಚಿ, ಹುಳುವಿಗೆ ಹಾಕಿ, ಹಿಕ್ಕೆ ಬಳಿದು, ಮಧ್ಯೆ ಎದ್ದು ಹೋಗಿ ಅಂಕಮ್ಮನ ಜಡೆ ಹಾಕಿ ಶಾಲೆಗೆ ಕಳಿಸಿ, ಮತ್ತೆ ಬಂದು ಸೊಪ್ಪಿನ ಮುಂದೆ ಕೂರುತ್ತಿದ್ದರು. ಅವರು ಹಾಕಿದ ಜಡೆ ಬಿಗಿಯಾಗಿರುತ್ತಿತ್ತಂತೆ, ಸಂಜೆಯವರೆಗೂ ಸಡಿಲವಾಗುತ್ತಿರಲಿಲ್ಲವಂತೆ. ಅಂಕಮ್ಮ ಈಗಲೂ ಹೇಳುತ್ತಾಳೆ. ಮೊದಲ ಹೆರಿಗೆಯ ನೋವಿನಲ್ಲಿ ಅವಳು "ಅಪ್ಪಾ" ಅಂತ ಕೂಗಿದಳಂತೆ. ಸೂಲಗಿತ್ತಿ ನಕ್ಕಳಂತೆ. ನಾನು ಅವತ್ತು ಬೆಂಗಳೂರಿನಲ್ಲಿದ್ದೆ, ರೇಷ್ಮೆಗೆ ಬೆಲೆ ಕೇಳಲು ಹೋದ ನಿಯೋಗದ ಜೊತೆ.

ರಾಮನಗರದ ಗೂಡಿನ ಮಾರುಕಟ್ಟೆಯ ಗಲಾಟೆ ನೆನಪಿದೆಯಾ. ಮರೆಯುವುದುಂಟೇ ನೀನು. ನೂಲು ಮಾರಾಟವಾಗುತ್ತಿಲ್ಲ ಅಂತ ನೂಲು ತೆಗೆಯುವ ನಿಮ್ಮ ರೀಲರ್‌ಗಳು ಹರಾಜಿಗೇ ಬರದೆ ಕೂತುಬಿಟ್ಟರು. ನಮ್ಮವರ ಗೂಡು ಮಾರುಕಟ್ಟೆಯ ತೊಟ್ಟಿಗಳಲ್ಲಿ ಬಿದ್ದಿತ್ತು. ಇನ್ನೆರಡು ದಿನ ಬಿಟ್ಟರೆ ಚಿಟ್ಟೆ ಕೊರೆದು ಹೊರಬರುತ್ತದೆ, ಆಮೇಲೆ ಗೂಡು ಯಾವ ಕೆಲಸಕ್ಕೂ ಇಲ್ಲ. ನಮ್ಮ ಹುಡುಗರು ಕಲ್ಲು ತೂರಿದರು, ನಿಮ್ಮವರು ಸೌದೆ ಎತ್ತಿಕೊಂಡರು. ನಾನು ರೈತರ ಕಡೆ ಮುಂದೆ ನಿಂತಿದ್ದೆ. ಆ ಕಡೆಯಿಂದ ಬುರ್ಖಾ ಹಾಕಿದ ನಾಲ್ಕೈದು ಹೆಂಗಸರು ಮಧ್ಯದ ಜಾಗಕ್ಕೆ ನಡೆದು ಬಂದರು. ಮುಂದಿದ್ದವಳು ಮುಸುಕು ತೆಗೆದು, "ಏನೇ ಭದ್ರಾ, ಊಟ ಮಾಡಿದ್ಯಾ?" ಅಂದಳು. ಕಲ್ಲು ಹಿಡಿದವರ ಕೈ ಹಾಗೇ ನಿಂತಿತು.

ಗೂಡಿನ ಮೂಟೆಗಳ ಮೇಲೆ ಕೂತು ನಾವಿಬ್ಬರು ಆಡಿದ ಮಾತನ್ನು ಆಮೇಲೆ ಪೇಪರಿನವರು ಮಾತುಕತೆ ಎಂದು ಬರೆದರು. "ಬೆಲೆ ಆಮೇಲೆ ನೋಡ್ಕೊಳ್ಳಿ. ಮೊದಲು ಗೂಡು ನಮ್ಮ ಮನೆಗಳಿಗೆ ತಂದು ಹಬೆಗೆ ಹಿಡೀರಿ, ಒಳಗಿನ ಹುಳ ಸಾಯ್ತದೆ, ಗೂಡು ಉಳೀತದೆ. ಮಾಲು ನಿಮ್ದೇ" ಅಂತ ನೀನು ಅಂದೆ. ನಮ್ಮವರು ನಂಬಲಿಲ್ಲ. ಮೊದಲು ನಮ್ಮ ಮನೆಯ ಗೂಡನ್ನೇ ನಿನ್ನ ಮನೆಗೆ ಹೊರಿಸಿದೆ. ನಮ್ಮ ಯಜಮಾನರು ತಲೆಯ ಮೇಲೆ ಮೂಟೆ ಹೊತ್ತು ನಿನ್ನ ಹಿಂದೆ ಗಲ್ಲಿಯೊಳಗೆ ಹೋದರು. ಅದನ್ನು ನೋಡಿ ಉಳಿದವರೂ ಹೊರಟರು. ಸಂಜೆಗೆ ಮಾರುಕಟ್ಟೆ ಖಾಲಿ. ಮಾರನೆಯ ದಿನ ಪೇಪರಿನಲ್ಲಿ ದೊಡ್ಡಮುನಿಯಪ್ಪನವರ ಫೋಟೋ. ರೈತರು ಮತ್ತು ರೀಲರ್‌ಗಳ ನಡುವೆ ಸಂಧಾನ ಮಾಡಿದ ಮುಖಂಡರು. ಕೇಳಿದ್ದಕ್ಕೆ, "ನಿನ್ ಕೆಲ್ಸ ನನ್ ಕೆಲ್ಸ ಬ್ಯಾರೆನಾ ತಾಯಿ" ಅಂದರು.

ಅವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅವರು ಇಲ್ಲದಿದ್ದರೆ ನಾನು ಬಾಗಿಲ ಪಕ್ಕದ ಆ ಕುರ್ಚಿಯಲ್ಲೂ ಕೂರುತ್ತಿರಲಿಲ್ಲ.

ಎಂಬತ್ಮೂರರಲ್ಲಿ ಅಸೆಂಬ್ಲಿ ಟಿಕೆಟ್ ನಿನಗೇ ಅಂದರು. ಬೆಂಗಳೂರಿನ ಪಕ್ಷದ ಕಚೇರಿಯ ಹೊರಗೆ, ಹಲಸಿನ ಮರದ ಕೆಳಗಿನ ಬೆಂಚಿನಲ್ಲಿ ಮೂರು ದಿನ ಕೂತೆ. ನಾಲ್ಕನೆಯ ದಿನ ಬಾಗಿಲು ತೆಗೆದು ಹೊರಗೆ ಬಂದವರು ಹೆಂಡದ ಗುತ್ತಿಗೆಯ ರಾಮಲಿಂಗಯ್ಯ. ಅವರ ಕೊರಳಲ್ಲಿ ಹಾರ. "ಅಕ್ಕಾ, ನಿಮ್ ಆಶೀರ್ವಾದ ಬೇಕು" ಅಂತ ಕಾಲಿಗೆ ಬಿದ್ದರು. ಬಗ್ಗಿ ಎತ್ತಿ, ಅವರ ಪರವಾಗಿ ಹಳ್ಳಿಹಳ್ಳಿ ಸುತ್ತಿದೆ. ಗೆದ್ದರು. ಎರಡು ವರ್ಷಕ್ಕೆ ಮತ್ತೆ ಚುನಾವಣೆ ಬಂದಾಗ ಅವರು ಆ ಕಡೆಯ ಪಕ್ಷಕ್ಕೆ ಹಾರಿದ್ದರು. ಆಗ ಇಲ್ಲಿ ಬೇರೆ ಯಾರೂ ಇರಲಿಲ್ಲ, ಟಿಕೆಟ್ ನನಗೆ ಬಂತು. ಅವತ್ತು ನೀನು ರಾಮನಗರದಿಂದ ಹೆಂಗಸರನ್ನು ಕರೆದುಕೊಂಡು ಬಂದು, ಗೂಡು ಪೋಣಿಸಿದ ಹಾರ ಹಾಕಿದೆಯಲ್ಲ, ಆ ದಿನ ನಾನು ಗೆದ್ದೇ ಗೆಲ್ಲುತ್ತೇನೆ ಅಂದುಕೊಂಡಿದ್ದೆ. ಸ್ವಲ್ಪದರಲ್ಲಿ ಸೋತೆ. ಸ್ವಲ್ಪ ಅಂದರೆ ಎಷ್ಟು ಅಂತ ಬರೆಯುವುದಿಲ್ಲ, ಆ ಅಂಕಿಯನ್ನು ನಾನು ಎಷ್ಟು ಸಲ ಹೇಳಿಕೊಂಡಿದ್ದೇನೆಂದರೆ ಅದು ನನ್ನ ಹೆಸರಿನ ಹಾಗೆ ಆಗಿಹೋಗಿದೆ. ಸೋತದ್ದಕ್ಕೆ ಕಾರಣವನ್ನು ಎಲ್ಲರೂ ಒಂದೊಂದು ಹೇಳಿದರು. ಬ್ರಾಂದಿ ಅಂದರು. ಜಾತಿ ಅಂದರು. ಹೆಂಗಸು ಅಂದರು. ಎಲ್ಲವೂ ಸ್ವಲ್ಪ ಸ್ವಲ್ಪ ನಿಜ ಇರಬೇಕು.

ಎಂಬತ್ತೇಳರಲ್ಲಿ ಜಿಲ್ಲಾ ಪರಿಷತ್ತಿಗೆ ಗೆದ್ದೆ. ಆಮೇಲಿನದು ನಿನಗೂ ಅಷ್ಟಾಗಿ ತಿಳಿಯದು, ಆಗಲೇ ನೀನು ಶಿಡ್ಲಘಟ್ಟಕ್ಕೆ ಹೊರಟಿದ್ದೆ. ಈ ಮೂರು ವರ್ಷದಲ್ಲಿ ನನ್ನ ಬಾಗಿಲಿಗೆ ಬಂದವರಲ್ಲಿ ಬಾವಿ ಕೇಳಿದವರು ಕಡಿಮೆ. ವರ್ಗಾವಣೆ, ಗುತ್ತಿಗೆ, ಪೊಲೀಸ್ ಸ್ಟೇಷನ್ನಿನಿಂದ ಬಿಡಿಸುವುದು. ಸೊಪ್ಪಿನ ದುಡ್ಡಿನಲ್ಲಿ ಮೋಟಾರ್ ಬೈಕ್ ಕೊಂಡ ಹುಡುಗರು ಮನೆ ಮುಂದೆ ನಿಲ್ಲಿಸಿ, ಇಳಿಯದೆ, "ಅಮ್ಮಾ, ಈ ಸಲ ಹುಡುಗ್ರುನ್ನ ಒಸಿ ಚೆನ್ನಾಗಿ ನೋಡ್ಕೋಬೇಕು" ಅನ್ನುತ್ತಾರೆ. ಇವರ ಅಪ್ಪಂದಿರ ಹೆಗಲ ಮೇಲೆ ಇವರನ್ನು ನೋಡಿದ್ದೇನೆ. ಬಯ್ಯಲೂ ಮನಸ್ಸಾಗುವುದಿಲ್ಲ. ಒಂದು ದಿನ ಹಾರೋಹಳ್ಳಿ ಕಡೆಯ ಸಭೆಯಲ್ಲಿ ಭಾಷಣದ ಮಧ್ಯೆ ಮುಂದಿನ ಮಾತೇ ಬರಲಿಲ್ಲ. ಮರೆತದ್ದಲ್ಲ, ಗೊತ್ತಿತ್ತು. ಅದನ್ನೇ ಮತ್ತೆ ಹೇಳಬೇಕಲ್ಲ ಅಂತ ಅನ್ನಿಸಿ ನಾಲಿಗೆ ಏಳಲಿಲ್ಲ. ನೀರು ಕುಡಿದು ಕೂತೆ. ಭಾವುಕರಾದರು ಅಂತ ಪೇಪರಿನಲ್ಲಿ ಬರೆದರು.

ಇನ್ನು ಈಗಿನ ವಿಷಯ. ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ದೊಡ್ಡಮುನಿಯಪ್ಪನವರು ಜೀಪಿನಲ್ಲಿ ಬಂದರು. ವಯಸ್ಸಾಗಿದೆ, ಒಂದು ಕಿವಿ ಕೇಳುವುದಿಲ್ಲ, ಕೇಳುವ ಕಿವಿಯನ್ನು ನಮ್ಮ ಕಡೆ ಮಾಡಿಕೊಂಡು ಕೂರುತ್ತಾರೆ. ಮಜ್ಜಿಗೆ ಕುಡಿದು, "ನಿಂತ್ಕೊ ಕಣವ್ವಾ. ಈ ಸಲ ನಿನ್ ಬುಟ್ರೆ ಯಾರೂ ಇಲ್ಲ" ಅಂದರು.

"ಎಂಬತ್ಮೂರರಲ್ಲಿ ಇದ್ರಲ್ಲಾ ಅಣ್ಣಾ."

"ಹಳೇದ್ಯಾಕೆ ಈಗ. ದೊಡ್ಡೋರು ತಾವೇ ಬಾಯ್ಬಿಟ್ಟು ನಿನ್ನ ಹೆಸ್ರು ಹೇಳವ್ರೆ."

"ಗೆಲ್ತೀನಿ ಅಂತ ಹೇಳಿದ್ರಾ?"

ಆ ಪ್ರಶ್ನೆಗೆ ಅವರು ಕೇಳದ ಕಿವಿಯನ್ನು ಈ ಕಡೆ ತಿರುಗಿಸಿದರು. ನಾನೇ ಹತ್ತಿರ ಹೋಗಿ ಮತ್ತೆ ಕೇಳಿದೆ. "ನೋಡವ್ವಾ, ಸುಳ್ಳೇಳಾಕಿಲ್ಲ. ರಾಮಲಿಂಗಯ್ಯನ್ನ ಅಲ್ಲಾಡ್ಸಾಕಾಗಲ್ಲ. ಆದ್ರೆ ನಿಮ್ಮೋರ ಓಟು, ಹೆಂಗಸ್ರ ಓಟು ನೀನು ಇಡ್ಕೊಂಡ್ರೆ, ಅದ್ನ ನೋಡಿ ಪಕ್ಕದ ಕ್ಷೇತ್ರದ ನಿಮ್ಮೋರೂ ಈ ಕಡೀಕೆ ಬತ್ತಾರೆ, ಅಲ್ಲಿ ನಮ್ಮ ಹುಡುಗಂಗೆ ಅನುಕೂಲ ಆಯ್ತದೆ" ಅಂದರು. ಪಕ್ಕದ ಕ್ಷೇತ್ರದ ಹುಡುಗ ಅಂದರೆ ಅವರ ತಮ್ಮನ ಮಗ. ಇದನ್ನು ಅವರು ಮುಚ್ಚಿಡಲಿಲ್ಲ, ಅದೊಂದು ಮಟ್ಟಿಗೆ ಸಂತೋಷ. ಇಷ್ಟು ವರ್ಷ ಜೊತೆಗಿದ್ದುದಕ್ಕೆ ಸೋಲುವ ಸೀಟನ್ನು ಸೋಲುವ ಸೀಟು ಅಂತಲೇ ಹೇಳಿ ಕೊಟ್ಟರು.

ವಾರದಲ್ಲಿ ಹೇಳುತ್ತೇನೆ ಅಂದೆ. ಖತೀಜಾ, ಆ ವಾರವೆಲ್ಲ ನಾನು ನಿಲ್ಲುವ ಯೋಚನೆಯಲ್ಲೇ ಇದ್ದೆ, ನಿನ್ನ ಹತ್ತಿರ ಸುಳ್ಳು ಯಾಕೆ. ಸೋಲುತ್ತೇನೆ ಅಂತ ಗೊತ್ತಿದ್ದೂ ಸೀರೆ ತೆಗೆದು ನೋಡಿದೆ. ಯಾವ ಊರಿನಿಂದ ಶುರು ಮಾಡಬೇಕು ಅಂತ ಮನಸ್ಸಿನಲ್ಲೇ ದಾರಿ ಹಾಕಿದೆ. ನಿನ್ನ ಕಾಗದ ಬಂದದ್ದೂ ಆಗಲೇ. ಇಪ್ಪತ್ತು ವರ್ಷ ಜನರ ಮುಂದೆ ನಿಂತವಳಿಗೆ ಯಾರಾದರೂ ನಿಲ್ಲು ಅಂದರೆ ಸಾಕು, ಕಾಲು ಊದಿದ್ದು ಮರೆತುಹೋಗುತ್ತದೆ. ಆಮೇಲೆ ಮನೆಯಲ್ಲೂ ಮಾತಾಯಿತು. ಮಾತಾದ ಮೇಲೆ ಬೇಡ ಅನ್ನಿಸಿತು.

ಹೋಗಿ ಹೇಳಿದೆ. ದೊಡ್ಡಮುನಿಯಪ್ಪನವರು ಬಯ್ಯಬಹುದು ಅಂದುಕೊಂಡಿದ್ದೆ. ಬಯ್ಯಲಿಲ್ಲ. ಆಗಲೇ ಇನ್ನೊಬ್ಬರ ಹೆಸರು ತಲೆಯಲ್ಲಿತ್ತು ಅಂತ ಕಾಣುತ್ತದೆ.

"ಯಾಕವ್ವಾ, ಆರೋಗ್ಯ ಸರಿಯಿಲ್ವಾ?"

"ಯಜಮಾನರು ಬೇಡ ಅಂದ್ರು ಅಣ್ಣಾ."

ಇಷ್ಟು ವರ್ಷದಲ್ಲಿ ಆ ಮಾತನ್ನು ನಾನು ಯಾರ ಮುಂದೂ ಆಡಿದ್ದಿಲ್ಲ. ಅವರು ಜೋರಾಗಿ ನಕ್ಕುಬಿಟ್ಟರು. "ಲಕ್ಕಯ್ಯ ಬ್ಯಾಡ ಅಂದ್ನಾ? ಬೇರೆ ಏನಾದ್ರೂ ಹೇಳವ್ವಾ, ನಂಬೋ ಅಂಥದ್ನ." ನಾನೂ ನಕ್ಕೆ. ಮೆಟ್ಟಿಲಿನವರೆಗೂ ಬಂದು ಕಳಿಸಿಕೊಟ್ಟರು. ನಮ್ಮಿಬ್ಬರಿಗೂ ಸಾಕಾಗಿದೆ, ಅವರು ಅದನ್ನು ಹೇಳುವುದಿಲ್ಲ ಅಷ್ಟೆ.

ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಗೋಡೆಗಳಿಗೆ ಸುಣ್ಣ ಬಳಿಯುತ್ತಿದ್ದರು. ಚಿಹ್ನೆ ಬರೆಯಲು. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನನ್ನು ಗುರುತಿಸಲಿಲ್ಲ. ಸೊಪ್ಪಿನ ಹೊರೆ ಕಾಲಡಿ ಇಟ್ಟುಕೊಂಡು, "ಎಲ್ಲಿಗೋಗ್ಬೇಕವ್ವಾ?" ಅಂತ ಕೇಳಿದಳು. ಮನೆಗೆ ಅಂದೆ. ಒಳ್ಳೆಯದು ಅಂದಳು.

ಇಷ್ಟು ವಿಷಯ. ನೀನು ಚುನಾವಣೆಗೆ ಅಂತ ಕಟ್ಟಿದ ಗಂಟನ್ನು ಬಿಚ್ಚು ಅಂದೆನಲ್ಲ, ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಹಾಗೇ ಬಾ. ಈ ಬೆಳೆಯ ಹುಳು ಹಣ್ಣಾಗಿ ಗೂಡು ಕಟ್ಟಿ, ಅದನ್ನು ಬಿಡಿಸಿದ ಮೇಲೆ ಬಾ, ಮನೆಯಲ್ಲಿ ಜಾಗವಿರುತ್ತದೆ, ಪುರಸೊತ್ತೂ ಇರುತ್ತದೆ. ಸಾತನೂರಿನ ಸ್ಟಾಪಿನಲ್ಲಿ ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ, ಇನ್ನೂ ಸ್ವಲ್ಪ ದಿನ ತೋರಿಸುತ್ತಾರೆ.

ನಿನ್ನ ಮಗ ಸೊಸೆಗೆ ನನ್ನ ಆಶೀರ್ವಾದ. ಮಷೀನಿನ ಚಕ್ರ ಸದಾ ತಿರುಗುತ್ತಿರಲಿ. ಮೊಮ್ಮಕ್ಕಳ ಕೆನ್ನೆಗೆ ಮುತ್ತು. ನಿನ್ನ ಅಲ್ಲಾಹ್ ನಿನ್ನ ಕೈಯ ನೋವನ್ನು ಕಡಿಮೆ ಮಾಡಲಿ. ಆ ಕೈ ನೋಡಿಯೇ ನಾನು ದುಡಿಯುವುದು ಅಂದರೆ ಏನು ಅಂತ ಕಲಿತದ್ದು.

ನಿನ್ನ,
ಭದ್ರಾ

ಮರೆತ ಮಾತು: ಮರೆತಿರಲಿಲ್ಲ, ಬರೆಯಲಾಗದೆ ಬಿಟ್ಟೆ. ಕವರಿಗೆ ಹಾಕಿ ಮತ್ತೆ ತೆಗೆದೆ. ಮನೆಯಲ್ಲಿ ಮಾತಾಯಿತು ಅಂತ ಮೇಲೆ ಬರೆದೆನಲ್ಲ, ಆದ ಮಾತು ಇದು.

ಇವರು ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಬಿಸಿಲಿಗೆ ಒರಗಿಸುತ್ತಿದ್ದರು. ಹತ್ತಿರ ಹೋಗಿ, "ಏನಂತೀರಿ, ನಿಲ್ಲಲಾ?" ಅಂದೆ. "ನಿನ್ನಿಷ್ಟ" ಅಂದರು. ಪ್ರತಿ ಸಲವೂ ಅದೇ ಉತ್ತರ. ಈ ಸಲ ಯಾಕೋ ಬಿಡಲಿಲ್ಲ. "ನನ್ನಿಷ್ಟ ನನಗೆ ಗೊತ್ತು, ನಿಮ್ಮಿಷ್ಟ ಹೇಳಿ" ಅಂತ ಪಟ್ಟು ಹಿಡಿದೆ. ಕೈಯಲ್ಲಿದ್ದ ಚಂದ್ರಿಕೆಯನ್ನು ಒರಗಿಸಿ, ಅದು ಬೀಳುವುದಿಲ್ಲ ಅಂತ ನೋಡಿಕೊಂಡು, ಆಮೇಲೆ ಹೇಳಿದರು. "ನಾನು ನಿಂಗೆ ಒಂದ್ಸಲಾನೂ ಓಟಾಕ್ನಿಲ್ಲ ಕಣಮ್ಮಿ."

ತಮಾಷೆ ಅಂದುಕೊಂಡೆ. "ಯಾಕೆ?" ಅಂದೆ.

"ಸೋತ್ರೆ ಮನೇಗ್ ಬತ್ತೀಯ ಅಂತ."

"ಮತ್ತೆ ಯಾರಿಗೆ ಹಾಕುದ್ರಿ?"

"ಯಾರ್ಗೋ. ಗುರ್ತು ನೋಡ್ನಿಲ್ಲ. ನಿಂದು ಅಲ್ದೆ ಇದ್ದುದ್ದುಕ್ಕೆ."

ಪ್ರತಿ ಚುನಾವಣೆಯಲ್ಲೂ ಬಾವುಟ ಹಿಡಿದು ನನ್ನ ಮುಂದೆ ನಡೆದವರು, ಖತೀಜಾ. ನಾನು ಗೆದ್ದಾಗ ಊರಿಗೆಲ್ಲ ಬೆಲ್ಲ ಹಂಚಿದವರು. ಆ ಅಸೆಂಬ್ಲಿ ಸೋತ ದಿನ ಎಣಿಕೆಯ ಜಾಗದ ಹೊರಗೆ ಬುತ್ತಿ ಹಿಡಿದು ಕಾದಿದ್ದು, ಮರದ ಕೆಳಗೆ ಕೂರಿಸಿ, ರಾಗಿಮುದ್ದೆ ಮುರಿದು ಮುರಿದು ನನ್ನ ಕೈಗೆ ಕೊಟ್ಟರು. ನಾನು ಅಳುತ್ತಾ ಉಂಡೆ. ಆಗ ಅವರ ಮನಸ್ಸಿನಲ್ಲಿ ಏನಿತ್ತು ಅಂತ ಈಗ ಯೋಚಿಸಿದರೆ ತಲೆ ಕೆಡುತ್ತದೆ. ಮೂರನೆಯ ದಿನಕ್ಕೇ ನಾನು ಮತ್ತೆ ಸಭೆ ಅಂತ ಹೊರಟಿದ್ದೆ. ಗೇಟಿನವರೆಗೂ ಬಂದು ಕಳಿಸಿದ್ದರು.

ಓಟು ಹಾಕಲಿಲ್ಲ ಅನ್ನುವುದಕ್ಕೆ ನನಗೆ ದುಃಖವಿಲ್ಲ. ನನ್ನನ್ನು ಮನೆಗೆ ಕಳಿಸಿ ಅಂತ ಅವರು ಮನಸ್ಸಿನಲ್ಲೇ ಇಡೀ ಕ್ಷೇತ್ರವನ್ನು ಬೇಡಿಕೊಂಡರು, ನನಗೆ ಮಾತ್ರ ಬಾ ಅಂತ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಬರುತ್ತಿದ್ದೆನಾ? ಗೊತ್ತಿಲ್ಲ. ಅವರಿಗೂ ಅದು ಗೊತ್ತಿರಲಿಲ್ಲ ಅಂತ ಕಾಣುತ್ತದೆ, ಅದಕ್ಕೇ ಕೇಳಲಿಲ್ಲವೇನೋ.

ಯಾರು ನನಗೆ ಓಟು ಹಾಕುತ್ತಾರೆ, ಯಾರು ಹಾಕುವುದಿಲ್ಲ ಅಂತ ಮುಖ ನೋಡಿ ಹೇಳುತ್ತೇನೆ ಅಂತ ನನಗೊಂದು ಹೆಮ್ಮೆ ಇತ್ತು. ಜೀಪಿನಲ್ಲಿ ಕೂತು, ಈ ಬೀದಿ ನಮ್ಮದು, ಆ ಮನೆ ನಮ್ಮದಲ್ಲ ಅಂತ ಹೇಳುತ್ತಿದ್ದೆ, ತಪ್ಪುತ್ತಿದ್ದದ್ದು ಕಡಿಮೆ.

ನಿನ್ನೆ ಸೊಪ್ಪು ಹೆಚ್ಚುತ್ತಾ ಕೂತಿದ್ದೆವು. ನನಗೆ ಸಣ್ಣಗೆ ಹೆಚ್ಚಲು ಬರುವುದಿಲ್ಲ, ನನ್ನ ಪಾಲನ್ನು ಅವರು ಎಳೆದುಕೊಂಡು ಮತ್ತೆ ಹೆಚ್ಚುತ್ತಿದ್ದರು. ತಲೆ ಎತ್ತದೆ, "ಈ ಸಲ ನಿಂತಿದ್ರೆ ಹಾಕ್ತಿದ್ದೆ" ಅಂದರು.

ನಾನು ಅವರ ಮುಖವನ್ನು ನೋಡಿದೆ, ಖತೀಜಾ. ಬಹಳ ಹೊತ್ತು ನೋಡಿದೆ. ಗೊತ್ತಾಗಲಿಲ್ಲ.